ಮಳವಳ್ಳಿಯಿಂದ ಶ್ರೀರಂಗಪಟ್ಟಣಕ್ಕೆ: ಒಂದು ದಿನದ ಕೋಟೆ ಪ್ರವಾಸ

ಮೈಸೂರಿನತ್ತ ಓಡುವ ಪ್ರವಾಸಿ ಬಸ್ಸುಗಳು ಶ್ರೀರಂಗಪಟ್ಟಣದ ಕೋಟೆಯನ್ನು ಸಾಮಾನ್ಯವಾಗಿ ಅವಸರದಲ್ಲಿ ತೋರಿಸಿ ಮುಗಿಸುತ್ತವೆ. ಮಳವಳ್ಳಿಯಿಂದ ಹೊರಟು ಇಡೀ ದಿನ ಮೀಸಲಿಡುವ ಪ್ರವಾಸವೇ ಮೇಲು. 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸ್‌ನ ಬ್ರಿಟಿಷ್ ಸೇನೆಗೂ ಮೈಸೂರಿನ ದೊರೆ ಟಿಪ್ಪು ಸುಲ್ತಾನನ ಪಡೆಗೂ ಕಾಳಗ ನಡೆದದ್ದು ಮಳವಳ್ಳಿಯ ಬಳಿ. ಟಿಪ್ಪು ಹಿಂದೆ ಸರಿದ. ಬ್ರಿಟಿಷರು ಸೋಸಲೆಯಲ್ಲಿ ಕಾವೇರಿ ದಾಟಿದರು. ಬಲ್ಲ ಮಾರ್ಗದರ್ಶಿ ಜೊತೆಗಿಲ್ಲದಿದ್ದರೆ ಆ ಕಾಳಗದ ನೆಲದಲ್ಲಿ ಕಾಣುವುದು ಗದ್ದೆ, ಕಬ್ಬು ಅಷ್ಟೇ.

ಮದ್ದೂರಿನಲ್ಲಿ ಉಗ್ರನರಸಿಂಹನ ದರ್ಶನ, ಬಿಸಿ ವಡೆ. ನಂತರ ಮಂಡ್ಯ ದಾಟಿ ನೇರ ಶ್ರೀರಂಗಪಟ್ಟಣ ದ್ವೀಪಕ್ಕೆ.

ಕಾವೇರಿಯ ಎರಡು ಕವಲುಗಳ ನಡುವಿನ ಈ ಕೋಟೆಗೆ ನದಿಯೇ ಮೊದಲ ಕಂದಕ. ಬೇಸಿಗೆಯಲ್ಲಿ ನೀರು ಇಳಿದಾಗಲೇ, 1799ರ ಮೇ 4ರ ಮಧ್ಯಾಹ್ನ, ಫಿರಂಗಿಗಳು ಒಡೆದ ವಾಯವ್ಯ ಮೂಲೆಯಿಂದ ಬ್ರಿಟಿಷರು ಒಳನುಗ್ಗಿದರು. ಆ ದಾಳಿಯಲ್ಲಿ ಮಡಿದ ಟಿಪ್ಪುವಿನ ದೇಹ ಸಿಕ್ಕ ಜಾಗದಲ್ಲಿ ಇಂದು ಒಂದು ಕಲ್ಲಿನ ಗುರುತಿದೆ. ರಂಗನಾಥಸ್ವಾಮಿ ದೇವಾಲಯ, ಜೋಡಿ ಮಿನಾರಿನ ಜಾಮಿಯಾ ಮಸೀದಿ ಎರಡೂ ಇದೇ ಕೋಟೆಯೊಳಗಿವೆ.

ಪ್ರವಾಸದ ತಿರುಳು ಇರುವುದು ಕೋಟೆಯ ಹೊರಗೆ, 1784ರ ದರಿಯಾ ದೌಲತ್ ಅರಮನೆಯಲ್ಲಿ. ತೇಗದ ಕಂಬಗಳ ಹಿಂದಿನ ಪಶ್ಚಿಮ ಗೋಡೆಯ ತುಂಬ 1780ರ ಪೊಳ್ಳಿಲೂರು ಯುದ್ಧದ ಚಿತ್ರಗಳಿವೆ: ಆನೆಯ ಮೇಲೆ ಟಿಪ್ಪುವಿನ ತಂದೆ ಹೈದರ್, ಪಲ್ಲಕ್ಕಿಯಲ್ಲಿ ಗಾಯಗೊಂಡ ಬ್ರಿಟಿಷ್ ಕರ್ನಲ್ ಬೈಲಿ. ಕೋಟೆ ಬಿದ್ದ ಮೇಲೆ ಈ ಅರಮನೆಯಲ್ಲೇ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ವಾಸವಾಗಿದ್ದ. ಸಮಯ ಸಾಲದಿದ್ದರೆ ಬೇರೆಲ್ಲ ಬಿಟ್ಟರೂ ಈ ಗೋಡೆಯನ್ನು ಬಿಡಬಾರದು.