ಗೋಡೆ ದಾಟುವ ಔಷಧ

1985ರಲ್ಲಿ ಅಮೆರಿಕದ ಜೆನೆನ್‌ಟೆಕ್ ಕಂಪನಿ ಬ್ಯಾಕ್ಟೀರಿಯಾದಿಂದ ಮಾಡಿಸಿ ಮಾರುಕಟ್ಟೆಗೆ ತಂದ ಬೆಳವಣಿಗೆಯ ಹಾರ್ಮೋನಿನಲ್ಲಿ 192 ಅಮೈನೋ ಆಮ್ಲಗಳಿದ್ದವು. ನಮ್ಮ ದೇಹ ತಯಾರಿಸುವ ಹಾರ್ಮೋನಿನಲ್ಲಿ ಇರುವುದು 191. ಹೆಚ್ಚಿಗೆ ಬಂದು ಕೂತದ್ದು ಮೆಥಿಯೋನಿನ್. ಬ್ಯಾಕ್ಟೀರಿಯಾ ಯಾವ ಪ್ರೋಟೀನನ್ನು ಹೆಣೆಯಲು ಹೊರಟರೂ ಮೊದಲು ಇಡುವುದು ಅದನ್ನೇ. ಔಷಧವೇನೋ ಕೆಲಸ ಮಾಡುತ್ತಿತ್ತು. ಅದರ ಅಗತ್ಯವೂ ದೊಡ್ಡದಿತ್ತು. ಅಲ್ಲಿಯವರೆಗೆ ಈ ಹಾರ್ಮೋನನ್ನು ಶವಗಳ ಪಿಟ್ಯುಟರಿ ಗ್ರಂಥಿಯಿಂದ ತೆಗೆಯುತ್ತಿದ್ದರು. ಅದನ್ನು ಪಡೆದಿದ್ದ ಕೆಲವರು ಮಿದುಳನ್ನು ನಾಶಮಾಡುವ ಕ್ರೂಟ್ಸ್‌ಫೆಲ್ಟ್-ಯಾಕೋಬ್ ಕಾಯಿಲೆಯಿಂದ ಸತ್ತದ್ದು ಅದೇ ವರ್ಷ ಬೆಳಕಿಗೆ ಬಂದು, ಹಳೆಯ ಔಷಧದ ವಿತರಣೆಯನ್ನು ಅಮೆರಿಕದಲ್ಲಿ ನಿಲ್ಲಿಸಲಾಗಿತ್ತು. ಬ್ಯಾಕ್ಟೀರಿಯಾದಿಂದ ಬಂದ ಹಾರ್ಮೋನಿನಲ್ಲಿ ಆ ಭಯ ಇರಲಿಲ್ಲ. ಆದರೂ ಅದು ನಮ್ಮ ಹಾರ್ಮೋನಿನ ತದ್ರೂಪವಾಗಿರಲಿಲ್ಲ.

ಮುಂದೆ ಅದೇ ಕಂಪನಿ ಈ ಕೊರತೆಯನ್ನು ತುಂಬಿದ ರೀತಿಯನ್ನು ನಾನು ಬ್ಯಾಕ್ಟೀರಿಯಾದಿಂದ ಔಷಧ ಮಾಡಿಸುವ ವಿದ್ಯೆಯ ಅತ್ಯುತ್ತಮ ಕೆಲಸಗಳಲ್ಲಿ ಒಂದೆಂದು ಎಣಿಸುತ್ತೇನೆ. ಹಾರ್ಮೋನಿನ ಮುಂದೆ ಬ್ಯಾಕ್ಟೀರಿಯಾದ್ದೇ ಒಂದು ಚಿಕ್ಕ ಸಂಕೇತ ಸರಣಿಯನ್ನು ಜೋಡಿಸಿದರು. ಇ. ಕೋಲಿ ಎಂಬ ಆ ಬ್ಯಾಕ್ಟೀರಿಯಾ ಅದನ್ನು ಗುರುತಿಸಿ ಪ್ರೋಟೀನನ್ನು ಒಳಪೊರೆಯ ಆಚೆಗೆ ದಾಟಿಸುತ್ತದೆ. ದಾಟುವಾಗ ಸಂಕೇತ ಕತ್ತರಿಸಿಹೋಗುತ್ತದೆ, ಅದರ ತಲೆಯಲ್ಲಿದ್ದ ಮೆಥಿಯೋನಿನ್ ಕೂಡ ಹೋಗುತ್ತದೆ. ಉಳಿಯುವುದು ಸರಿಯಾಗಿ 191. ಒಳಪೊರೆ, ಹೊರಪೊರೆಗಳ ನಡುವಿನ ಆ ಸಂದಿನಲ್ಲಿ ಇನ್ನೂ ಒಂದು ಅನುಕೂಲವಿದೆ. ಪ್ರೋಟೀನನ್ನು ತಕ್ಕ ಆಕಾರದಲ್ಲಿ ಹಿಡಿದಿಡುವ ಗಂಧಕದ ಕೊಂಡಿಗಳು ಕೋಶದ ಒಳಗೆ ಸುಲಭವಾಗಿ ಕೂಡುವುದಿಲ್ಲ, ಇಲ್ಲಿ ಕೂಡುತ್ತವೆ. ಸ್ರವಿಸುವಿಕೆ ಎಂದರೆ ತಯಾರಾದ ಸರಕನ್ನು ಹೊರಗೆ ಸಾಗಿಸುವ ಕೊನೆಯ ಹಂತ ಎಂದು ಭಾವಿಸುವವರಿಗೆ ಈ ಉದಾಹರಣೆ ಸಾಕು. ಇಲ್ಲಿ ದಾಟುವ ಹೊತ್ತಿಗೇ ಔಷಧ ಔಷಧವಾಗುತ್ತಿದೆ.

ಇನ್ಸುಲಿನ್‌ನ ಕಥೆಯಲ್ಲೂ ಎರಡು ದಾರಿಗಳು ಮೊದಲಿನಿಂದಲೇ ಇದ್ದವು. 1978ರಲ್ಲಿ ಹಾರ್ವರ್ಡ್‌ನ ವಾಲ್ಟರ್ ಗಿಲ್ಬರ್ಟ್ ತಂಡದಲ್ಲಿ ಲಿಡಿಯಾ ವಿಲ್ಲಾ-ಕೊಮಾರಾಫ್ ಮತ್ತು ಸಂಗಡಿಗರು ಇನ್ಸುಲಿನ್ನಿನ ಪೂರ್ವರೂಪವಾದ ಇಲಿಯ ಪ್ರೊಇನ್ಸುಲಿನ್ನನ್ನು ಪೆನಿಸಿಲಿನೇಸ್ ಎಂಬ ಕಿಣ್ವಕ್ಕೆ ಅಂಟಿಸಿ ಪೊರೆಯ ಆಚೆ ಕಳಿಸಿ ತೋರಿಸಿದರು. ಅದೇ ವರ್ಷ ಜೆನೆನ್‌ಟೆಕ್ ಮನುಷ್ಯನ ಇನ್ಸುಲಿನ್ನಿನ ಎರಡು ಎಳೆಗಳನ್ನು ಬ್ಯಾಕ್ಟೀರಿಯಾದ ಒಳಗೇ ಬೇರೆಬೇರೆಯಾಗಿ ಮಾಡಿಸಿ, ಆಮೇಲೆ ಪ್ರಯೋಗಾಲಯದಲ್ಲಿ ಜೋಡಿಸಿತು. 1982ರಲ್ಲಿ ಮಂಜೂರಾತಿ ಸಿಕ್ಕಿದ್ದು ಆ ಎರಡನೆಯ ದಾರಿಗೆ. ಒಳಗೇ ಉಳಿದ ಪ್ರೋಟೀನು ಗಂಟುಗಟ್ಟುತ್ತದೆ. ಕೋಶವನ್ನು ಒಡೆದು, ಗಂಟನ್ನು ಕರಗಿಸಿ, ಮತ್ತೆ ಸರಿಯಾಗಿ ಮಡಚಿಸಬೇಕು. ಇಷ್ಟು ಕಷ್ಟವಿದ್ದರೂ ಆ ದಾರಿ ಗೆದ್ದದ್ದಕ್ಕೆ ಕಾರಣವಿದೆ: ಒಳಗೆ ಇಟ್ಟುಕೊಂಡರೆ ಪ್ರೋಟೀನು ರಾಶಿರಾಶಿಯಾಗಿ ಸಿಗುತ್ತದೆ, ಪೊರೆಯ ಬಾಗಿಲು ಮಾತ್ರ ಇಕ್ಕಟ್ಟು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಇನ್ಸುಜೆನ್ ತಂದಾಗ ಬ್ಯಾಕ್ಟೀರಿಯಾವನ್ನೇ ಬಿಟ್ಟು ಪಿಚಿಯಾ ಎಂಬ ಯೀಸ್ಟ್ ಹಿಡಿದದ್ದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣ. ಪಿಚಿಯಾ ಪ್ರೋಟೀನನ್ನು ತಾನು ಬೆಳೆಯುವ ದ್ರವಕ್ಕೇ ಬಿಡುತ್ತದೆ.

ಹೀಗೆ ತೊಟ್ಟಿಯಲ್ಲಿ ದುಡಿಯುವ ಸೂಕ್ಷ್ಮಜೀವಿಯ ಬಗ್ಗೆ ನನಗೆ ಅನುಮಾನವಿಲ್ಲ. ಅಲ್ಲಿ ಏನು ಬಂತು, ಎಷ್ಟು ಬಂತು, ಶುದ್ಧವೇ ಎಂದು ಪರೀಕ್ಷಿಸಿದ ಮೇಲೆಯೇ ಸೀಸೆ ರೋಗಿಯ ಕೈಗೆ ಹೋಗುತ್ತದೆ. ತೊಟ್ಟಿಯನ್ನೇ ಬಿಟ್ಟು, ಬ್ಯಾಕ್ಟೀರಿಯಾವನ್ನು ರೋಗಿಯ ಕರುಳಿಗೆ ಕಳಿಸಿ ಅಲ್ಲೇ ಔಷಧ ಸ್ರವಿಸುವಂತೆ ಮಾಡುವ ಇತ್ತೀಚಿನ ಹಂಬಲವನ್ನು ಹೀಗೆ ಸುಲಭವಾಗಿ ಒಪ್ಪಲಾರೆ. ಅದರ ಅತ್ಯುತ್ತಮ ಮಾದರಿಯನ್ನೇ ತೆಗೆದುಕೊಂಡು ನೋಡೋಣ.

ಬೆಲ್ಜಿಯಂನ ಗೆಂಟ್‌ನಲ್ಲಿ ಲೋಥಾರ್ ಸ್ಟೈಡ್ಲರ್ ಮತ್ತು ಸಂಗಡಿಗರು ಆರಿಸಿಕೊಂಡದ್ದು ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್. ಚೀಸ್ ತಯಾರಿಕೆಯಲ್ಲಿ ಬಳಸುವ, ನಮ್ಮ ಮೊಸರಿನ ಹೆಪ್ಪಿನಲ್ಲೂ ಸಿಗುವ ನಿರುಪದ್ರವಿ. ಅದಕ್ಕೆ ಇರುವುದು ಒಂದೇ ಪೊರೆ. ದಾಟಿದರೆ ಪ್ರೋಟೀನು ನೇರ ಹೊರಗೆ. ಅದು ಸಹಜವಾಗಿ ಹೊರಬಿಡುವ ಪ್ರೋಟೀನೊಂದರ ಸಂಕೇತವನ್ನು ಉರಿಯೂತ ತಗ್ಗಿಸುವ ಇಂಟರ್‌ಲ್ಯೂಕಿನ್-10ಕ್ಕೆ ಜೋಡಿಸಿದರು. 2000ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ: ರಾಸಾಯನಿಕದಿಂದ ಕರುಳಿನ ಉರಿಯೂತ ಬರಿಸಿದ ಇಲಿಗಳಲ್ಲಿ ಅದು ಅರ್ಧದಷ್ಟು ಇಳಿಯಿತು, ಹುಟ್ಟಿನಿಂದಲೇ ಇಂಟರ್‌ಲ್ಯೂಕಿನ್-10 ಇಲ್ಲದ ಇಲಿಗಳಲ್ಲಿ ಕಾಯಿಲೆ ತಲೆಯೆತ್ತಲಿಲ್ಲ. ಕೊಂದ ಬ್ಯಾಕ್ಟೀರಿಯಾ ಕೊಟ್ಟರೆ ಆ ಗುಣ ಕಾಣಲಿಲ್ಲ. ಹಾಗಾಗಿ ಔಷಧ ಕರುಳಿನಲ್ಲೇ ತಯಾರಾಗುತ್ತಿದೆ ಎಂಬ ಅವರ ವಾದಕ್ಕೆ ಬಲವಿತ್ತು.

2003ರ ಅವರ ಕೆಲಸ ನನ್ನನ್ನು ಇದಕ್ಕಿಂತ ಹೆಚ್ಚು ಸೆಳೆದಿದೆ. ಜೀನ್ ಬದಲಿಸಿದ ಜೀವಿ ರೋಗಿಯ ಮಲದೊಂದಿಗೆ ಹೊರಗೆ ಬಂದು ಚರಂಡಿ ಸೇರಿದರೆ ಗತಿ ಏನು? ಅವರು ಬ್ಯಾಕ್ಟೀರಿಯಾದಲ್ಲಿ, ಡಿಎನ್‌ಎ ಕಟ್ಟಲು ಬೇಕಾದ ಥೈಮಿಡಿನ್ ತಯಾರಿಸುವ ಜೀನನ್ನು ಕಿತ್ತು, ಅದೇ ಜಾಗದಲ್ಲಿ ಮನುಷ್ಯನ ಇಂಟರ್‌ಲ್ಯೂಕಿನ್-10ರ ಜೀನನ್ನು ಕೂರಿಸಿದರು. ಹೊರಗೆ ಥೈಮಿಡಿನ್ ಸಿಗದೆ ಅದು ಸಾಯುತ್ತದೆ. ತನ್ನ ಜಾತಿಯ ಬೇರೆ ಬ್ಯಾಕ್ಟೀರಿಯಾದಿಂದ ಆ ಹಳೆಯ ಜೀನನ್ನು ಮರಳಿ ಪಡೆದರೂ, ಅದು ಬಂದು ಕೂರಬೇಕಾದ ಜಾಗ ಮನುಷ್ಯನ ಜೀನಿನದೇ; ಬದುಕಿ ಉಳಿಯಬೇಕಾದರೆ ಔಷಧದ ಜೀನನ್ನು ಕಳೆದುಕೊಳ್ಳಬೇಕು. ಅಪಾಯದ ಬಗ್ಗೆ ಆಮೇಲೆ ಯೋಚಿಸಿದರಾಯಿತು ಎನ್ನದೆ, ಔಷಧದ ರಚನೆಯಲ್ಲೇ ಅದಕ್ಕೆ ಉತ್ತರ ಹೆಣೆದ ಈ ಜವಾಬ್ದಾರಿಯನ್ನು ಹೊಗಳಲು ನನಗೆ ಹಿಂಜರಿಕೆಯಿಲ್ಲ. ಜೀನ್ ತಂತ್ರಜ್ಞಾನವನ್ನು ಸಾರಾಸಗಟಾಗಿ ಬೈಯುವವರೂ ಸಾರಾಸಗಟಾಗಿ ಕೊಂಡಾಡುವವರೂ ಓದಲೇಬೇಕಾದ ಪ್ರಬಂಧ ಅದು.

2006ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಯ ಹತ್ತು ಮಂದಿಗೆ ಈ ಬ್ಯಾಕ್ಟೀರಿಯಾವನ್ನು ಕೊಟ್ಟ ವರದಿ ಬಂತು. ಸುರಕ್ಷಿತವಾಗಿತ್ತು, ಕಾಯಿಲೆಯ ತೀವ್ರತೆಯೂ ಇಳಿದಂತೆ ಕಂಡಿತು. ಆದರೆ ಹೋಲಿಸಿ ನೋಡಲು ಪ್ಲಸೀಬೊ ಎಂಬ ಹುಸಿ ಮದ್ದು ಪಡೆದ ಗುಂಪು ಇರಲಿಲ್ಲ. ಕ್ರೋನ್ಸ್‌ನಂಥ ಏರಿಳಿತದ ಕಾಯಿಲೆಯಲ್ಲಿ, ಹತ್ತೇ ಜನರಲ್ಲಿ ಕಂಡ ಇಳಿತಕ್ಕೆ ಬೆಲೆ ಕಟ್ಟುವುದು ಕಷ್ಟ. ಮುಂದೆ ಅಲ್ಸರೇಟಿವ್ ಕೊಲೈಟಿಸ್ ಎಂಬ ಇನ್ನೊಂದು ಕರುಳಿನ ಉರಿಯೂತದ ರೋಗಿಗಳಲ್ಲಿ ಪ್ಲಸೀಬೊ ಎದುರಿಗಿಟ್ಟು ನಡೆಸಿದ ಪರೀಕ್ಷೆಯಲ್ಲಿ ಸುರಕ್ಷತೆ ಮತ್ತೆ ಸಾಬೀತಾಯಿತು, ಗುಣ ಮಾತ್ರ ಪ್ಲಸೀಬೊಗಿಂತ ಹೆಚ್ಚಿಗೆ ಕಾಣಲಿಲ್ಲ.

ಈ ಸೋಲನ್ನು ಸರಿಯಾಗಿ ಓದುವುದು ಮುಖ್ಯ. ಇಂಟರ್‌ಲ್ಯೂಕಿನ್-10ನ್ನು ಚುಚ್ಚುಮದ್ದಾಗಿ ಕೊಟ್ಟ ಪರೀಕ್ಷೆಗಳೂ 2000ರ ಸುಮಾರಿಗೆ ಕ್ರೋನ್ಸ್‌ನಲ್ಲಿ ನಿರಾಸೆಯನ್ನೇ ತಂದಿದ್ದವು. ಹಾಗಿದ್ದರೆ ಸೋತದ್ದು ಪ್ರೋಟೀನೇ, ಅದನ್ನು ಹೊತ್ತ ಬ್ಯಾಕ್ಟೀರಿಯಾವೇ? ಲ್ಯಾಕ್ಟೊಕಾಕಸ್ ಮನುಷ್ಯನ ಕರುಳಿನಲ್ಲಿ ನೆಲೆಯೂರುವುದಿಲ್ಲ, ಹಾದುಹೋಗುತ್ತದೆ. ಅದು ಆಮ್ಲ ಉಂಟುಮಾಡುವ ಜೀವಿ, ಇಂಟರ್‌ಲ್ಯೂಕಿನ್-10 ಆಮ್ಲ ತಾಳದ ಪ್ರೋಟೀನು. ಇಲಿಯ ಪುಟ್ಟ ಕರುಳಿನಲ್ಲಿ ಸಾಕಾದದ್ದು ಮನುಷ್ಯನ ಮೀಟರುಗಟ್ಟಲೆ ಕರುಳಿನಲ್ಲಿ, ಹುಣ್ಣಾದ ಜಾಗಕ್ಕೆ, ಎಷ್ಟು ತಲುಪೀತು? ನನ್ನ ತಕರಾರಿನ ತಿರುಳು ಇಷ್ಟೇ: ಮಾತ್ರೆಯಲ್ಲಿ ಎಷ್ಟು ಕೋಟಿ ಬ್ಯಾಕ್ಟೀರಿಯಾ ಇವೆ ಎಂಬ ಲೆಕ್ಕವನ್ನು ಡೋಸು ಎಂದು ಕರೆಯುವುದು ಸರಿಯಲ್ಲ. ಡೋಸು ಎಂದರೆ ಅವು ಸ್ರವಿಸಿದ ಪ್ರೋಟೀನಿನ ಪ್ರಮಾಣ. ಅದು ಬ್ಯಾಕ್ಟೀರಿಯಾದ ಹಸಿವು, ಸುತ್ತಲಿನ ಆಮ್ಲ, ರೋಗಿಯ ಊಟ ಎಲ್ಲದರ ಮೇಲೆ ನಿಂತಿದೆ.

ಕರುಳಿನಲ್ಲಿ ಬ್ಯಾಕ್ಟೀರಿಯಾ ದುಡಿಸಲು ಹೋಗಿ ಕಂಡ ಸೋಲು ಗೆಂಟ್‌ನವರದಷ್ಟೇ ಅಲ್ಲ. ಅಮೆರಿಕದ ಸಿನ್‌ಲಾಜಿಕ್ ಕಂಪನಿ ಇ. ಕೋಲಿ ನಿಸ್ಲೆ ಎಂಬ ತಳಿಗೆ ಕಿಣ್ವ ತುಂಬಿ, ಒಂದು ಅಮೈನೋ ಆಮ್ಲವನ್ನು ದೇಹ ಅರಗಿಸಲಾಗದ ಫೀನೈಲ್‌ಕೀಟೊನ್ಯೂರಿಯಾ ರೋಗಿಗಳಲ್ಲಿ ಮೂರನೆಯ ಹಂತದ ಪರೀಕ್ಷೆಯವರೆಗೂ ಹೋಗಿತ್ತು. ಅಲ್ಲಿ ಕಿಣ್ವ ಕೋಶದ ಒಳಗೇ ಇರುತ್ತದೆ, ಸ್ರವಿಸುವ ಮಾತಿಲ್ಲ. 2024ರ ಫೆಬ್ರುವರಿಯಲ್ಲಿ, ಗುರಿ ಮುಟ್ಟುವ ಸಾಧ್ಯತೆ ಕಾಣದೆ ಅದನ್ನೂ ನಿಲ್ಲಿಸಿದರು.

ಕ್ರೋನ್ಸ್ ಇರುವವರಿಗೆ ಜೀವನವಿಡೀ ಚುಚ್ಚುಮದ್ದಿನ ಬದಲು ಒಂದು ಮಾತ್ರೆ ಸಿಗುವಂತಾದರೆ ಅದಕ್ಕಿಂತ ಒಳ್ಳೆಯದು ಏನಿದೆ? ಆ ಆಸೆ ನನ್ನದೂ ಹೌದು, ಆದ್ದರಿಂದಲೇ ಮುಂದಿನ ತಂಡದಿಂದ ಇಲಿಗಳ ಮೇಲಿನ ಇನ್ನೊಂದು ಪ್ರಯೋಗವನ್ನು ನಾನು ಬಯಸುವುದಿಲ್ಲ. ಒಪ್ಪಿಗೆ ಕೊಟ್ಟ ಕೆಲವೇ ರೋಗಿಗಳ ಕರುಳಿನ ಪೊರೆಯಿಂದ ಚೂರು ತೆಗೆದು, ಹುಣ್ಣಿನ ಬಳಿ ಎಷ್ಟು ಪ್ರೋಟೀನು ಇದೆ, ಊಟದ ಮೊದಲೆಷ್ಟು, ಆಮೇಲೆಷ್ಟು, ಔಷಧ ನಿಲ್ಲಿಸಿದ ಎಷ್ಟು ಹೊತ್ತಿಗೆ ಅದು ಇಲ್ಲವಾಗುತ್ತದೆ ಎಂದು ಮೊದಲು ಅಳೆದು ತೋರಿಸಲಿ. ನೂರಾರು ರೋಗಿಗಳನ್ನು ಸೇರಿಸಿಕೊಳ್ಳುವ ಪರೀಕ್ಷೆ ಆಮೇಲೆ ನಡೆಯಲಿ.