ಈಚಲ ಮರದ ಕೆಳಗಿನ ಕೆನೆ

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಊರವರು ಹೆಂಡ ಅಂತಲೇ ಅಂದುಕೊಳ್ಳುತ್ತಾರೆ. ಕೋಲಾರದ ಸೀಮೆಯಲ್ಲಿ ಈ ಗಾದೆಯನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಜರ್ಮನಿಯ ಉತ್ತರ ತೀರದ ನಾರ್ಡ್‌ಸ್ಟ್ರಾಂಡ್‌ನಲ್ಲಿ 1872ರಲ್ಲಿ ನಡೆದದ್ದು ಇದರ ತಿರುವುಮುರುವು. ಒಂದು ಮಗುವಿನ ಜ್ಞಾನಸ್ನಾನದ ಔತಣ. ಕುಡಿತವೆಂದರೆ ಉರಿದುಬೀಳುವ ಪಾದ್ರಿ ಎದುರಿಗೇ ಕೂತಿದ್ದಾರೆ. ನೆಂಟರ ಬಟ್ಟಲಲ್ಲಿ ಕಾಫಿ, ಕಾಫಿಯೊಳಗೆ ರಮ್, ರಮ್ಮಿನ ವಾಸನೆ ಹೊರಗೆ ಬಾರದಂತೆ ಮೇಲೆ ಕಡೆದ ಕೆನೆಯ ಮುಚ್ಚಳ. ಪಾದ್ರಿಗೆ ಮಾತ್ರ ಬರೀ ಕಾಫಿ. ಬಟ್ಟಲು ಅದಲುಬದಲಾಗಿ ಗುಟ್ಟು ರಟ್ಟಾಯಿತು. ‘ಫರಿಸಾಯರು’ ಎಂದು ಪಾದ್ರಿ ಬೈದರಂತೆ, ಅಂದರೆ ಬೂಟಾಟಿಕೆಯ ಜನ. ಆ ಬೈಗುಳವೇ ಪಾನೀಯದ ಹೆಸರಾಗಿ ಉಳಿಯಿತೆಂದು ಅಲ್ಲಿನವರು ಹೇಳುತ್ತಾರೆ. 1981ರಲ್ಲಿ ಫ್ಲೆನ್ಸ್‌ಬರ್ಗ್‌ನ ನ್ಯಾಯಾಲಯವೊಂದು ಬಟ್ಟಲಿಗೆ 20 ಮಿಲಿ ರಮ್ ಸಾಲದು ಎಂದು ತೀರ್ಪನ್ನೂ ಕೊಟ್ಟಿತು. ನಮ್ಮಲ್ಲಿ ಕೋರ್ಟಿನವರೆಗೆ ಹೋಗುವುದು ಹಾಲಿಗೆ ನೀರು ಬೆರೆಸಿದ ಕೇಸು.

ಜಗತ್ತು ಹೆಚ್ಚಾಗಿ ಬಲ್ಲದ್ದು ಈ ಜರ್ಮನ್ ಕಾಫಿಯ ತಮ್ಮ ಐರಿಷ್ ಕಾಫಿಯನ್ನು. ಐರ್ಲೆಂಡಿನ ಫಾಯ್ನ್ಸ್‌ನಲ್ಲಿ ನೀರಿನ ಮೇಲಿಳಿಯುವ ವಿಮಾನಗಳ ನಿಲ್ದಾಣವಿತ್ತು. 1943ರ ಚಳಿಗಾಲದಲ್ಲಿ ಹವೆ ಕೆಟ್ಟು ಅರ್ಧ ದಾರಿಯಿಂದ ಮರಳಿದ ಪ್ರಯಾಣಿಕರು ನಡುಗುತ್ತಾ ಬಂದಾಗ ಅಲ್ಲಿನ ಬಾಣಸಿಗ ಜೋ ಶೆರಿಡನ್ ಕಾಫಿಗೆ ವಿಸ್ಕಿ ಬೆರೆಸಿ, ಮೇಲೆ ಕೆನೆ ಬಿಟ್ಟ. ಕಥೆ ನಿಜಕ್ಕೂ ರುಚಿಯಾಗುವುದು ಆಮೇಲೆ. 1952ರ ನವೆಂಬರ್ 10ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದ ಬ್ಯೂನಾ ವಿಸ್ತಾ ಕೆಫೆಯಲ್ಲಿ ಮಾಲೀಕ ಜ್ಯಾಕ್ ಕೆಪ್ಲರ್ ಮತ್ತು ಪತ್ರಕರ್ತ ಸ್ಟಾಂಟನ್ ಡೆಲಾಪ್ಲೇನ್ ಅದನ್ನೇ ಮಾಡಿನೋಡಲು ಕೂತರು. ರುಚಿ ಒಪ್ಪವಾಗಿ ಬಂತು, ಆದರೆ ಕೆನೆ ಮುಳುಗುತ್ತಲೇ ಹೋಯಿತು. ಆ ಒಗಟನ್ನು ಬಿಡಿಸಿಕೊಟ್ಟವನು ಹಾಲಿನ ವ್ಯಾಪಾರದ ಜಾರ್ಜ್ ಕ್ರಿಸ್ಟಫರ್, ಮುಂದೆ ಆ ಊರಿನ ಮೇಯರ್ ಆದವನು. ಕೆನೆಯನ್ನು 48 ಗಂಟೆ ಇಟ್ಟು, ಆಮೇಲೆ ಹದವಾಗಿ ಕಡೆದರೆ ತೇಲುತ್ತದೆ ಎಂದ. ಕಾಫಿಯವನಿಗೂ ವಿಸ್ಕಿಯವನಿಗೂ ಹೊಳೆಯದ್ದು ಹಾಲಿನವನಿಗೆ ಗೊತ್ತಿತ್ತು.

ಮಾಲೂರು ತಾಲ್ಲೂಕಿನ ಮಾಸ್ತಿಯ ಕಡೆಯಿಂದ ಈ ಪಾನೀಯವನ್ನು ತೂಗಬೇಕಾದ್ದು ಈ ಕಾರಣಕ್ಕೇ. ಸುತ್ತಿನ ಹಳ್ಳಿಗಳಲ್ಲಿ ಬೆಳಕು ಹರಿಯುವ ಮೊದಲೇ ಕ್ಯಾನು, ಚೊಂಬು ಹಿಡಿದವರು ಡೈರಿಗೆ ಹಾಲು ಹಾಕಲು ಸಾಲು ನಿಲ್ಲುತ್ತಾರೆ. ಫ್ಯಾಟು ಇಳಿದರೆ ಬಟವಾಡೆ ಇಳಿಯುತ್ತದೆ. ಕೆನೆ ಎಷ್ಟು ಎಂಬ ಲೆಕ್ಕ ಇಲ್ಲಿ ಮನೆಮನೆಗೂ ಬಾಯಿಪಾಠ.

ಆದರೂ ಮನೆಯ ಕೆನೆಯಿಂದ ಈ ಕಾಫಿ ಆಗುವುದಿಲ್ಲ. ಕಾಸಿದ ಹಾಲಿನ ಮೇಲೆ ಕಟ್ಟುವುದು ಚರ್ಮದಂಥ ಪದರ. ಬೆಣ್ಣೆಗೆಂದು ಕೂಡಿಡಲು ಸರಿ, ಕಾಫಿಯ ಮೇಲೆ ಬಿಟ್ಟರೆ ಚೂರುಚೂರಾಗಿ ತೇಲಾಡುತ್ತದೆ. ಇಲ್ಲಿ ಬೇಕಾದ್ದು ಯಂತ್ರದಲ್ಲಿ ಬೇರ್ಪಡಿಸಿದ, ಸುರಿಯಲು ಬರುವ ಕೆನೆ. ಕೊಬ್ಬು ಶೇ. 35ರ ಮೇಲಿರಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಫ್ರೆಶ್ ಕ್ರೀಮ್ ಡಬ್ಬಿಗಳಲ್ಲಿ ಇರುವುದು ಶೇ. 25. ಎಷ್ಟು ಕಡೆದರೂ ಅದು ನಿಲ್ಲುವುದಿಲ್ಲ. ಅದಕ್ಕೇ ಬೆಂಗಳೂರಿನ ಎಷ್ಟೋ ಬಾರುಗಳು ವನಸ್ಪತಿ ಕೊಬ್ಬಿನ ಸಿಹಿ ಟಾಪಿಂಗ್ ಗುಡ್ಡೆ ಹಾಕಿ, ಮೇಲೆ ಚಾಕೊಲೇಟ್ ಪುಡಿ ಉದುರಿಸಿ ಕೈ ತೊಳೆದುಕೊಳ್ಳುತ್ತವೆ. ಅದು ಹುಟ್ಟುಹಬ್ಬದ ಕೇಕಿಗೆ ಹೇಳಿ ಮಾಡಿಸಿದ ಪದಾರ್ಥ. ಬಿಸಿಗೆ ಕರಗಿ, ತುಟಿಗೆ ಮೇಣದ ಹಾಗೆ ಅಂಟುತ್ತದೆ.

ಕಾಫಿ, ಕೆನೆ, ಅಮಲು ಸೇರುವ ಇನ್ನೊಂದು ಪಾನೀಯವಾದ ವೈಟ್ ರಷ್ಯನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 1949ರಲ್ಲಿ ಬ್ರಸೆಲ್ಸ್‌ನ ಮೆಟ್ರೊಪೋಲ್ ಹೋಟೆಲಿನಲ್ಲಿ ಗುಸ್ತಾವ್ ಟಾಪ್ಸ್ ವೋಡ್ಕಾಗೆ ಕಾಫಿ ಲಿಕ್ಯೂರ್ ಸೇರಿಸಿ ಬ್ಲ್ಯಾಕ್ ರಷ್ಯನ್ ಮಾಡಿದ. ಮುಂದೆ ಅದಕ್ಕೆ ಕೆನೆ ಬೆರೆಯಿತು. ಐಸು ಹಾಕಿದ ಸಿಹಿ ಹಾಲು. ಕಾಫಿ ಅದರಲ್ಲಿ ಬರೀ ವಾಸನೆ.

ನಮ್ಮ ಫಿಲ್ಟರಿನ ಡಿಕಾಕ್ಷನ್ ಕೆನೆ ತೇಲುವ ಈ ಕಾಫಿಗೆ ಹೊಂದುತ್ತದೆಯೇ? ಹೊಂದುತ್ತದೆ, ಆದರೆ ವಿಸ್ಕಿಯ ಜೊತೆಗಲ್ಲ. ಕಾಯ್ದೆಯ ಪ್ರಕಾರ ಪುಡಿಯಲ್ಲಿ ಶೇ. 49ರವರೆಗೂ ಚಿಕೋರಿ ಇರಬಹುದು. ಆ ಕಹಿಯ ಎದುರು ಮೆದುವಾದ ಐರಿಷ್ ವಿಸ್ಕಿ ಸದ್ದಿಲ್ಲದೆ ಕರಗಿಹೋಗುತ್ತದೆ. ಡಿಕಾಕ್ಷನ್ನಿಗೆ ಸಾಟಿ ರಮ್ಮು. ಎಂದರೆ ಬೈಸಿಕೊಂಡ ಆ ಜರ್ಮನ್ ಅಣ್ಣನೇ ನಮಗೆ ಹತ್ತಿರದ ನೆಂಟ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ನ ಟೂ ಇಂಡೀಸ್ ರಮ್ಮಿನಲ್ಲಿ ಬೆಲ್ಲದಿಂದ ಇಳಿಸಿದ ರಮ್ಮೂ ಸೇರಿದೆ. ಬೆಲ್ಲದ ಕಾಫಿ ಹಳ್ಳಿಗೆ ಹೊಸದಲ್ಲ. ಬಿಸಿ ಹಾಲು ಹುಯ್ದರೆ ಬೆಲ್ಲಕ್ಕೆ ಒಡೆದೀತೆಂಬ ಭಯ ಇದ್ದೇ ಇರುತ್ತದೆ. ಇಲ್ಲಿ ತಣ್ಣಗಿನ ಕೆನೆ ಮೇಲೆಯೇ ನಿಲ್ಲುವುದರಿಂದ ಆ ತಾಪತ್ರಯ ಕಡಿಮೆ.

ಮಾಡುವ ಬಗೆ ಇಷ್ಟು. ಲೋಟವನ್ನು ಬಿಸಿನೀರಿನಿಂದ ಕಾಯಿಸಿಕೊಳ್ಳಬೇಕು. ಒಂದು ಪಾಲು ಡಿಕಾಕ್ಷನ್‌ಗೆ ಎರಡು ಪಾಲು ಬಿಸಿನೀರು, ಸುಮಾರು 120 ಮಿಲಿ ಆಗುವಂತೆ. ಎರಡು ಚಮಚ ಬೆಲ್ಲದ ಪುಡಿ ಪೂರ್ತಿ ಕರಗಬೇಕು. ಸಿಹಿ ಬೇಡ ಎನ್ನುವವರು ಸೋಲುವುದು ಇಲ್ಲೇ: ಬೆಲ್ಲವೋ ಸಕ್ಕರೆಯೋ ಕರಗಿದ ಕಾಫಿಯ ಸಾಂದ್ರತೆ ಹೆಚ್ಚುತ್ತದೆ, ಹಗುರವಾದ ಕೆನೆ ಅದರ ಮೇಲೆ ನಿಲ್ಲುತ್ತದೆ. 40 ಮಿಲಿ ರಮ್ ಸೇರಿಸಿ ಕಲಕಿ. ಫ್ರಿಜ್ಜಿನ ಕೆನೆಯನ್ನು ದೋಸೆಹಿಟ್ಟಿನಷ್ಟು ಗಟ್ಟಿಯಾಗುವವರೆಗೆ ಮಾತ್ರ ಕಡೆದು, ಚಮಚವನ್ನು ಬೋರಲು ಹಿಡಿದು ಅದರ ಬೆನ್ನಿನ ಮೇಲಿಂದ ನಿಧಾನಕ್ಕೆ ಇಳಿಸಬೇಕು. ಆಮೇಲೆ ಕಲಕಿದರೆ ಪಟ್ಟ ಪಾಡೆಲ್ಲ ಹೋಯಿತು.

ಮಾಸ್ತಿ ಎಂದೊಡನೆ ನೆನಪಾಗುವ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚಿಕವೀರ ರಾಜೇಂದ್ರ’ದ ದೊರೆ ಕುಡಿತಕ್ಕೆ ಬಿದ್ದವನು. 1834ರಲ್ಲಿ ಅವನ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಪಾಲಾದ ಮೇಲೆಯೇ ಅಲ್ಲಿ ಬ್ರಿಟಿಷರ ಕಾಫಿ ತೋಟಗಳು ಎದ್ದದ್ದು. ದೊರೆಯ ಅಮಲೂ ಬ್ರಿಟಿಷರ ಕಾಫಿಯೂ ಆ ಬೆಟ್ಟಗಳಲ್ಲಿ ಒಂದೇ ಲೋಟಕ್ಕೆ ಸೇರಲಿಲ್ಲ.

ಒಂದು ತೊಡಕು ಉಳಿದಿದೆ, ಅದು ಲೋಟದ್ದು. ಕಪ್ಪು ಕಾಫಿಯ ಮೇಲೆ ಬಿಳಿಯ ಗೆರೆ ಬೆರಳಗಲ ನಿಂತದ್ದು ಕಾಣಬೇಕಾದರೆ ಗಾಜೇ ಬೇಕು. ಸ್ಟೀಲ್ ಲೋಟದಲ್ಲಿ ಆ ಗೆರೆ ಅಡಗುತ್ತದೆ, ಅಂಚು ತುಟಿ ಸುಡುತ್ತದೆ. ರೂಢಿಯ ಕೈ ತಡೆಯಲಾರದೆ ಡಬರಿಗೆ ಹುಯ್ದು ಎತ್ತಿ ಆರಿಸಿತೋ, ಎರಡೇ ಸಲಕ್ಕೆ ಎಲ್ಲವೂ ಕಲಸಿ ಹೋಟೆಲಿನ ಮಾಮೂಲಿ ಕಾಫಿಯ ಬಣ್ಣಕ್ಕೆ ಬರುತ್ತದೆ.