ಕೂಡುವ ಭರದಲ್ಲಿ ಕಳೆದದ್ದು

‘ರೈಡಿಂಗ್’ ಎಂಬ ಪದಕ್ಕೆ ಹಳೆಯ ನಾರ್ಸ್ ಭಾಷೆಯಲ್ಲಿ ‘ಮೂರರಲ್ಲೊಂದು ಪಾಲು’ ಎಂದರ್ಥ. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಮೂರು ರೈಡಿಂಗ್‌ಗಳಿದ್ದವು, ಲೆಕ್ಕ ಸರಿಯಿತ್ತು. ಐರ್ಲೆಂಡಿನ ಟಿಪ್ಪರೆರಿ ಕೌಂಟಿಯನ್ನು 1838ರಲ್ಲಿ ಆಡಳಿತಕ್ಕಾಗಿ ಹೋಳು ಮಾಡಿದಾಗ ಆದದ್ದು ಎರಡೇ, ಉತ್ತರ ಮತ್ತು ದಕ್ಷಿಣ. ಹೆಸರು ಮಾತ್ರ ರೈಡಿಂಗ್. 1898ರ ಕಾಯಿದೆ ಎರಡಕ್ಕೂ ಬೇರೆ ಬೇರೆ ಚುನಾಯಿತ ಕೌನ್ಸಿಲ್ ಕೊಟ್ಟಿತು. ಉತ್ತರದ ಕಚೇರಿ ನೀನಾದಲ್ಲಿ, ದಕ್ಷಿಣದ್ದು ಕ್ಲಾನ್‌ಮೆಲ್‌ನಲ್ಲಿ. 2001ರ ಕಾಯಿದೆ ‘ರೈಡಿಂಗ್’ ಪದವನ್ನು ಅಳಿಸಿತಾದರೂ ಗೆರೆಯನ್ನು ಹಾಗೇ ಬಿಟ್ಟಿತು. ಗೆರೆ ಅಳಿದದ್ದು 2014ರ ಜೂನ್‌ನಲ್ಲಿ, ಎರಡು ಕೌನ್ಸಿಲ್‌ಗಳು ಸೇರಿ ಒಂದಾದಾಗ.

ಈ ಸೇರ್ಪಡೆ ಸರಿಯೇ. ಜನ ಆ ಗೆರೆಯನ್ನು ಎಂದೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಐರಿಷ್ ಆಟಗಳ ಸಂಘ ಜಿಎಎ ಹುಟ್ಟಿದ್ದೇ ಈ ಕೌಂಟಿಯ ಥರ್ಲಸ್ ಪಟ್ಟಣದಲ್ಲಿ, 1884ರಲ್ಲಿ. ಸರ್ಕಾರದ ಲೆಕ್ಕದಲ್ಲಿ ಎರಡು ಟಿಪ್ಪರೆರಿಗಳಿದ್ದಾಗಲೂ ಹರ್ಲಿಂಗ್ ಆಟದ ಮೈದಾನಕ್ಕೆ ಕೌಂಟಿಯ ಹೆಸರಿನಲ್ಲಿ ಇಳಿದದ್ದು ಒಂದೇ ತಂಡ. ಹಾಗೆಂದು ಜಿಎಎ ಕೌಂಟಿಯನ್ನು ವಿಂಗಡಿಸಿಲ್ಲ ಎಂದಲ್ಲ. ಒಳಗಿನ ಪಂದ್ಯಾವಳಿಗಳಿಗಾಗಿ ಅದು ನಾಲ್ಕು ವಿಭಾಗ ಮಾಡಿಕೊಂಡಿದೆ. ಊರೂರಿನ ಪೈಪೋಟಿ ವಿಭಾಗದಲ್ಲಿ, ಹೊರಗಿನವರೊಡನೆ ಸೆಣಸಾಟ ಕೌಂಟಿಯ ಹೆಸರಿನಲ್ಲಿ. ಯಾವ ಕೆಲಸಕ್ಕೆ ಯಾವ ಅಳತೆ ಎಂಬ ವಿವೇಕ ಅಲ್ಲಿದೆ.

2014ರ ಸುಧಾರಣೆಯಲ್ಲಿ ಕಾಣದಿರುವುದು ಈ ವಿವೇಕವೇ. ಅದಕ್ಕೆ ತಳಹದಿಯಾದ 2012ರ ಸರ್ಕಾರಿ ದಸ್ತಾವೇಜಿನ ಶೀರ್ಷಿಕೆ ‘ಜನರೇ ಮೊದಲು’ ಎಂಬರ್ಥದ್ದು. ಆದರೆ ಅದು ತಂದ ಕಾಯಿದೆ ಕೌಂಟಿಗಳನ್ನು ಕೂಡಿಸಿದ್ದರ ಜೊತೆಗೆ ದೇಶದ 80 ಪಟ್ಟಣ ಕೌನ್ಸಿಲ್‌ಗಳನ್ನೂ ರದ್ದು ಮಾಡಿತು. ಒಟ್ಟು 114 ಸ್ಥಳೀಯ ಸಂಸ್ಥೆಗಳು 31ಕ್ಕೆ, 1,627 ಸದಸ್ಯರು 949ಕ್ಕೆ ಇಳಿದರು. ಟಿಪ್ಪರೆರಿಯ ಲೆಕ್ಕವನ್ನೇ ಬಿಡಿಸಿ ನೋಡೋಣ. ಉತ್ತರದ 21, ದಕ್ಷಿಣದ 26 ಸದಸ್ಯರ ಜಾಗಕ್ಕೆ 40 ಜನ ಬಂದರು. ಕೌಂಟಿಗಳನ್ನು ಕೂಡಿಸಿದ್ದರಿಂದ ತಗ್ಗಿದ್ದು ಏಳೇ ಸ್ಥಾನ. ನಿಜವಾದ ಕಡಿತ ಆದದ್ದು ಪಟ್ಟಣಗಳಲ್ಲಿ. ಕ್ಲಾನ್‌ಮೆಲ್, ಕ್ಯಾರಿಕ್-ಆನ್-ಶೂರ್, ಕ್ಯಾಶೆಲ್, ಟಿಪ್ಪರೆರಿ, ನೀನಾ, ಥರ್ಲಸ್, ಟೆಂಪಲ್‌ಮೋರ್ ಈ ಏಳೂ ಪಟ್ಟಣಗಳು ಅಂಗಡಿ-ಮುಂಗಟ್ಟುಗಳ ಮೇಲಿನ ತೆರಿಗೆ ದರವನ್ನು ತಾವೇ ನಿಗದಿ ಮಾಡಿಕೊಳ್ಳುತ್ತಿದ್ದವು. ಆ ಹಕ್ಕು ಹೋಯಿತು.

ಪಟ್ಟಣ ಕೌನ್ಸಿಲ್‌ಗಳ ಹಂಚಿಕೆಯೇ ಅಸಮವಾಗಿತ್ತು ಎಂಬ ಸುಧಾರಕರ ವಾದವನ್ನು ತಳ್ಳಿಹಾಕುವಂತಿಲ್ಲ. ಟೆಂಪಲ್‌ಮೋರ್‌ಗಿಂತ ದೊಡ್ಡದಾದ ರಾಸ್‌ಕ್ರೇ ಪಟ್ಟಣಕ್ಕೆ ಕೌನ್ಸಿಲ್ಲೇ ಇರಲಿಲ್ಲ. ಈ ಅನ್ಯಾಯ ಸರಿಪಡಿಸಬೇಕಿತ್ತು, ನಿಜ. ಆದರೆ ಇಲ್ಲದ ಊರಿಗೂ ಕೊಟ್ಟು ಸಮ ಮಾಡುವುದಿದೆ, ಇದ್ದ ಊರಿನಿಂದ ಕಿತ್ತುಕೊಂಡು ಸಮ ಮಾಡುವುದೂ ಇದೆ. ಸರ್ಕಾರ ಎರಡನೆಯ ದಾರಿ ಹಿಡಿಯಿತು.

ಪಟ್ಟಣ ಕೌನ್ಸಿಲ್‌ಗಳ ಜಾಗಕ್ಕೆ ಬಂದದ್ದು ‘ಮುನಿಸಿಪಲ್ ಡಿಸ್ಟ್ರಿಕ್ಟ್’. ಅಲ್ಲಿನ ಸದಸ್ಯರು ಸ್ಥಳೀಯ ಕಾಮಗಾರಿ ಪಟ್ಟಿಗೆ ಒಪ್ಪಿಗೆ ಕೊಡುತ್ತಾರೆ. ತೆರಿಗೆ ದರ, ಒಟ್ಟು ಬಜೆಟ್ ಎಲ್ಲ ಕೌಂಟಿ ಮಟ್ಟದ್ದು. ಕೌಂಟಿಯಲ್ಲೂ ಸದಸ್ಯರ ಕೈಯಲ್ಲಿರುವುದು ಬಜೆಟ್, ಅಭಿವೃದ್ಧಿ ಯೋಜನೆ, ಉಪವಿಧಿಗಳಂಥ ವಿಷಯಗಳಷ್ಟೇ. ಯಾರಿಗೆ ಮನೆ, ಯಾವ ಕಟ್ಟಡಕ್ಕೆ ಪರವಾನಗಿ ಎಂಬ ದಿನನಿತ್ಯದ ತೀರ್ಮಾನ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯದು. ಟಿಪ್ಪರೆರಿಯಲ್ಲಿ ಕ್ಲಾನ್‌ಮೆಲ್‌ಗೆ ಮಾತ್ರ ‘ಬರೋ’ ಎಂಬ ಬಿರುದು, ಮೇಯರ್ ಎಂಬ ಪದವಿ ಎರಡೂ ಉಳಿದವು. ಕೊರಳಿನ ಸರ ಬಿಟ್ಟು ಖಜಾನೆಯ ಕೀಲಿ ತೆಗೆದುಕೊಂಡಂತೆ.

ಜನ ಯಾವ ಎಲ್ಲೆಯನ್ನು ತಮ್ಮದೆನ್ನುತ್ತಾರೆ ಎಂಬುದನ್ನು ಹತ್ತಿರದಿಂದ ಕಾಣಬೇಕೆಂದರೆ ಒಂದು ಹಳೆಯ ಕಾಗದದ ವಿಳಾಸ ನೋಡಬೇಕು. ಹಳ್ಳಿಗಾಡಿನ ಮನೆಗಳಿಗೆ ನಂಬರಿಲ್ಲ, ರಸ್ತೆಗೆ ಹೆಸರಿಲ್ಲ. ಮನೆತನದ ಹೆಸರು, ಕೆಳಗೆ ‘ಟೌನ್‌ಲ್ಯಾಂಡ್’, ಅದರ ಕೆಳಗೆ ಅಂಚೆ ಪಟ್ಟಣ, ಕೊನೆಗೆ ಕೌಂಟಿ. ಟೌನ್‌ಲ್ಯಾಂಡ್ ಎಂದರೆ ಪಟ್ಟಣವಲ್ಲ. ಕೆಲವು ಹೊಲ, ನಾಲ್ಕಾರು ಮನೆ ಸೇರಿದ ಪುಟ್ಟ ಎಲ್ಲೆ. ಹಲವು ಮನೆಗಳಿಗೆ ಒಂದೇ ವಿಳಾಸ. ಯಾರ ಕಾಗದ ಯಾವ ಗೇಟಿಗೆ ಎಂಬುದು ಅಂಚೆಯವನಿಗೆ ಗೊತ್ತು. 2015ರಲ್ಲಿ ಮನೆಮನೆಗೂ ಏರ್‌ಕೋಡ್ ಎಂಬ ಅಂಚೆ ಸಂಕೇತ ಬಂದಮೇಲೂ ಜನ ಟೌನ್‌ಲ್ಯಾಂಡಿನ ಹೆಸರು ಬಿಟ್ಟಿಲ್ಲ. ಅದಕ್ಕೆ ಕಚೇರಿಯಿಲ್ಲ, ಸದಸ್ಯನಿಲ್ಲ, ಬಿಡಿಗಾಸಿಲ್ಲ. ಕಚೇರಿ, ಸದಸ್ಯ, ಸಭೆ ಎಲ್ಲ ಇರುವ ಮುನಿಸಿಪಲ್ ಡಿಸ್ಟ್ರಿಕ್ಟನ್ನು ವಿಳಾಸದಲ್ಲಿ ಬರೆದುಕೊಳ್ಳುವವರನ್ನು ಹುಡುಕಬೇಕು.

ಇವೆರಡರ ನಡುವೆ, ಹೆಸರೂ ಇದ್ದು ಅಧಿಕಾರವೂ ಇದ್ದದ್ದು ಪಟ್ಟಣವೊಂದೇ. ಜನ ‘ನಾನು ಥರ್ಲಸ್‌ನವನು’ ಎನ್ನುತ್ತಿದ್ದರು, ಥರ್ಲಸ್‌ಗೆ ಅವರ ಮಾತು ಕೇಳುವ ಕೌನ್ಸಿಲ್ಲೂ ಇತ್ತು. ಸುಧಾರಣೆ ಕೈಯಿಟ್ಟದ್ದು ಅಲ್ಲಿಗೇ. ಈಗ ಮತ್ತೆ ಕೌಂಟಿಯನ್ನು ಒಡೆಯಬೇಕಿಲ್ಲ, ನೀನಾ-ಕ್ಲಾನ್‌ಮೆಲ್‌ಗಳ ಹಳೆಯ ಗೆರೆಯೂ ಬೇಡ. ಒಂದು ಕೌಂಟಿ ಇರಲಿ. ಅದರೊಳಗೆ ರಾಸ್‌ಕ್ರೇಯೂ ಸೇರಿ ಪ್ರತಿ ಪಟ್ಟಣಕ್ಕೂ ತನ್ನಲ್ಲೇ ಎತ್ತಿದ ತೆರಿಗೆಯ ಒಂದು ಪಾಲನ್ನು ತಾನೇ ಖರ್ಚುಮಾಡುವ ಹಕ್ಕಿರಲಿ. ಆ ಪಾಲು ಮೂರರಲ್ಲೊಂದೇ ಆದರೂ ಸಾಕು.